ಬಾಯಿಂದ ತಿರುಗಿದ ಲೇತು

ಎದುರಿಗೆ ಕಂಡೇ ಇರದ ಮಶೀನಿನ ಸದ್ದನ್ನು ಬಾಯಿಂದ ಮಾಡಿ, ಸ್ವಂತ ಅಣ್ಣನನ್ನು ಸಾವಿನ ಬಾಗಿಲಿಗೆ ಕಳಿಸಿದ ಅತಿಜಾಣ, ಶಾಣ್ಯಾ, ನಾನೇ. ಮೊದಲೇ ಒಪ್ಪಿಕೊಳ್ಳುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾರೆ.

ಎರಡು ಸಾವಿರ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಬೆಂಗೇರಿಯ ನಮ್ಮ ಓಣಿಯ ಸೈಬರ್ ಕೆಫೆಯವನು ‘ಮನ್ಯಾಗ ಕುಂತು ಮೇಸ್ತ್ರಿ ಆಗ್ರಿ’ ಎಂದು ಬೋರ್ಡು ಬರೆಸಿದ್ದ. ಕಬ್ಬಿಣದ ತುಂಡನ್ನು ತಿರುಗಿಸಿ ಕಡೆಯುವ ಲೇತ್ ಮಶೀನಿನ ಮೂರು ತಿಂಗಳ ಆನ್‌ಲೈನ್ ಕೋರ್ಸು. ಓಣಿಯಲ್ಲಿ ಒಬ್ಬರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ; ಕೂಡಬೇಕಾದದ್ದು ಅವನ ಮುರುಕು ಕುರ್ಚಿಯಲ್ಲೇ. ಊರಾಚೆಯ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಹೆಲ್ಪರ್ ಆಗಿ ಕಲಿಯಬೇಕೆಂದಿದ್ದ ಅಣ್ಣನಿಗೆ ನಾನು ಕೆಫೆಯವನ ಮೂಗುದನಿಯಲ್ಲೇ ಹೇಳಿದೆ: “ಎಣ್ಣಿ ಬಳಕೋತ ಯಾಕ ಸಾಯ್ತಿ? ಗುಂಡಿ ಒತ್ತು, ಮೇಸ್ತ್ರಿ ಆಗು!” ಅಣ್ಣ ನಕ್ಕ. ಸೇರಿಯೂಬಿಟ್ಟ.

ಕೆಫೆಯ ಸ್ಪೀಕರ್ ಕೆಟ್ಟಿತ್ತು. ಪರದೆಯ ಮೇಲೆ ಲೇತು ಮೂಕವಾಗಿ ತಿರುಗುತ್ತಿತ್ತು. ಸುಮ್ಮನಿರುವ ಬಾಯಿ ನನ್ನದಲ್ಲ. ಪಕ್ಕದಲ್ಲಿ ಕೂತು ‘ಝೂಂ…’ ಎಂದು ಶುರುಮಾಡಿ, ನಗಿಸಲಿಕ್ಕೆ ಕಡೆಗೆ ‘ಕಟಾ ಕಟಾ ಕಟಾ’ ಸೇರಿಸುತ್ತಿದ್ದೆ. ಮೂರು ತಿಂಗಳು ಅಣ್ಣ ಕೇಳಿದ್ದು ಆ ಲೇತನ್ನೇ.

ಕೋರ್ಸು ಮುಗಿಯುವ ಹೊತ್ತಿಗೆ ಬೇಲೂರಿನ ಅದೇ ಕಾರ್ಖಾನೆಯಲ್ಲಿ ಆಪರೇಟರ್ ಕೆಲಸ ಖಾಲಿಯಾಯಿತು. ಒಂದು ದಿನದ ಟ್ರಯಲ್, ಪಾಸಾದರೆ ಕೆಲಸ. ನಾನೂ ಜೊತೆಗೆ ಹೋದೆ. ಅಲ್ಲಿನ ವಯಸ್ಸಾದ ಮೇಸ್ತ್ರಿ ಒಂದು ಡ್ರಾಯಿಂಗ್ ಹಾಳೆ ಕೊಟ್ಟರು. ಅಣ್ಣ ಎರಡು ನಿಮಿಷ ನೋಡಿ, “ಈ ಅಳತಿ ತಪ್ಪೈತ್ರಿ ಮೇಸ್ತ್ರಿ. ಎಲ್ಲಾ ಕೂಡಿಸಿದ್ರ ಉದ್ದ ಹೊಂದಂಗಿಲ್ರಿ” ಎಂದ.

ಮೇಸ್ತ್ರಿ ಅಂಕಿಗಳನ್ನು ತಾವೂ ಕೂಡಿಸಿ ನೋಡಿದರು. “ಖರೇನ ಐತಲ್ಲೋ! ಇಷ್ಟ ವರ್ಷ ಆತು, ನನಗ ಡ್ರಾಯಿಂಗ್ ಹಾಳಿ ನೆಟ್ಟಗ ಓದಾಕ ಬರೂದಿಲ್ಲ ನೋಡು.”

ನನ್ನ ಎದೆ ಉಬ್ಬಿತು. ಕೋರ್ಸು ಸುಳ್ಳಲ್ಲ ಅಂದುಕೊಂಡೆ.

ಅಣ್ಣ ಕಬ್ಬಿಣದ ತುಂಡನ್ನು ಲೇತಿನ ಹಿಡಿತದಲ್ಲಿಟ್ಟು ಕೀಲಿ ತಿರುವಿದ. ಎಷ್ಟು ಬಿಗಿಯಬೇಕೆಂದು ಅವನ ಕೈಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಒಂದು ಕ್ಲಿಕ್ಕಿಗೆ ಬಿಗಿಯಾಗುತ್ತಿತ್ತು. ಮಶೀನು ತಿರುಗಿತು. ಝೂಂ. ಸ್ವಲ್ಪ ಹೊತ್ತಿಗೆ, ಕಟಾ ಕಟಾ ಕಟಾ.

ಅದು ತುಂಡು ಸಡಿಲಾದ ಸದ್ದೆಂದು ಗೊತ್ತಿದ್ದ ಸುತ್ತಲಿನ ಕೆಲಸಗಾರರೆಲ್ಲ ಒಮ್ಮೆಲೇ ತಲೆ ಎತ್ತಿದರು. ಅಣ್ಣ ಮಾತ್ರ ನನ್ನ ಕಡೆ ತಿರುಗಿ, ‘ಥೇಟ್ ನಿನ್ನಂಗ ಐತಲೇ’ ಎನ್ನುವ ಹಾಗೆ ನಕ್ಕು, ತುಂಡಿನ ಮೇಲೆ ಇನ್ನಷ್ಟು ಬಗ್ಗಿದ. ಕೂಗಬೇಕೆಂದರೆ ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ.

ಮೇಸ್ತ್ರಿ ಓಡಿಬಂದು ಅವನ ಕಾಲರ್ ಹಿಡಿದು ಎಳೆದರು. ತುಂಡು ಹಾರಿ ತಗಡಿನ ಗೋಡೆಯನ್ನು ತೂತು ಮಾಡಿಕೊಂಡು ಹೋಯಿತು. ಮಶೀನು ನಿಂತಾಗ ಆ ತೂತಿನಿಂದ ಬಿಸಿಲು ಒಳಗೆ ಬೀಳುತ್ತಿತ್ತು, ಅಣ್ಣನ ಮುಖದ ಎತ್ತರಕ್ಕೆ.

ಅಣ್ಣ ಕೋರ್ಸಿನ ಸರ್ಟಿಫಿಕೇಟ್ ಚಾಚಿದ. “ನೂರಕ್ಕ ತೊಂಬತ್ತು ಬಂದಾವ್ರಿ… ಕೆಲಸಾ?”

ಮೇಸ್ತ್ರಿ ಅದನ್ನು ಮಡಚಿ ಅವನ ಜೇಬಿಗೇ ತುರುಕಿದರು.

“ತೊಂಬತ್ತರಾಗ ಡ್ರಾಯಿಂಗ್ ಐತಿ, ಅದು ಖರೇ. ಉಳಿದ ಹತ್ತರಾಗ ನಿನ್ನ ಜೀವ ಇತ್ತು. ನಾಳಿಂದ ಹೆಲ್ಪರ್ ಆಗಿ ಬಾ.”