ದೊಡ್ಡವ್ವನ ಫೋಟೋಕ್ಕೆ ಬರೆದ ಅಂಚು

ಫೋಟೋಗಳಿಗೆ ಅಂಚು ಬರೆಯುವುದು ನನ್ನ ಹೊಟ್ಟೆಪಾಡು. ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹಿಂದಿರುವ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ, ನಾಮಕರಣ, ಸೀಮಂತದ ಫೋಟೋಗಳ ನಾಲ್ಕು ಬದಿಗೂ ಬಣ್ಣ ಎಳೆಯುತ್ತೇನೆ. ಹೇಳುವುದಕ್ಕೆ ಚೆನ್ನಾಗಿದೆ. ಮಾಡುವುದಕ್ಕೆ ಅಸಹ್ಯ. ಬಂದವರಿಗೆಲ್ಲ ಬೇಕಾದದ್ದು ಒಂದೇ: ಚಿನ್ನದ ಬಣ್ಣದ ಫ್ರೇಮು, ಮೂಲೆಗೊಂದು ನವಿಲು, ಆ ನವಿಲಿನ ಬಾಯಲ್ಲೊಂದು ಗುಲಾಬಿ. ಇನ್ನೂ ಕತ್ತು ನಿಲ್ಲದ ಕೂಸಿನ ಸುತ್ತ ಕೆಂಪು ಹೃದಯಗಳು, ಹೃದಯಗಳಿಗೆ ಚುಚ್ಚಿದ ಬಾಣ. ಥೂ! "ಇನ್ನೂ ವಸಿ ಮಿಂಚ್ಲಿ ಕಣಕ್ಕ" ಅನ್ನುತ್ತಾರೆ. ಮಿಂಚಿಸುತ್ತೇನೆ. ಸಂಜೆ ಮನೆಯಲ್ಲಿ ತಟ್ಟೆ ಮುಂದೆ ಕೂತರೂ ಆ ಹಾಳು ಮಿನುಗು ಕಣ್ಣಿನಿಂದ ಹೋಗುವುದಿಲ್ಲ, ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನಗೆ ಬೇಕಾದ ಹಾಗೆ ಒಂದೊಂದು ಮಾಡಿಕೊಳ್ಳುತ್ತಿದ್ದೆ. ಫೋಟೋದ ಮೇಲೆ ಬಿಳಿ ಪದರವೊಂದನ್ನು ಹಾಸಿ, ಒರಟು ಬ್ರಷ್ ತೆಗೆದುಕೊಂಡು, ನಡುವಿನಿಂದ ಹೊರಕ್ಕೆ ಒರೆಸುತ್ತ ಹೋಗಬೇಕು. ಒರೆಸಿದಷ್ಟೂ ಕೆಳಗಿನ ಮುಖ ಕಾಣುತ್ತ ಬರುತ್ತದೆ. ಕೊನೆಯಲ್ಲಿ ಬ್ರಷ್ಷಿನ ಎಳೆಗಳು, ಗೋಡೆಗೆ ಸುಣ್ಣ ಬಳಿಯುವವರು ಕೈ ಎತ್ತಿದ ಜಾಗದ ಹಾಗೆ, ಚದುರಿಕೊಂಡು ನಿಲ್ಲುತ್ತವೆ. ಆಮೇಲೆ ಅದಕ್ಕೆ ಬಣ್ಣ. ಅಂಚಿನ ಕೆಲಸ ಏನು? ನೋಡುವವರ ಕಣ್ಣನ್ನು ಮುಖದ ಕಡೆ ಕಳಿಸುವುದು, ಅಷ್ಟೇ. ಸ್ಟುಡಿಯೋದ ಯಜಮಾನರಿಗೆ ಇದನ್ನು ಹೇಳಿದರೆ, "ಆಯ್ತು, ಮೊದಲು ಆ ನವಿಲು ಮುಗಿಸಮ್ಮ" ಅನ್ನುತ್ತಿದ್ದರು.

ಅಷ್ಟರಲ್ಲಿ ದೊಡ್ಡವ್ವ ತೀರಿಹೋದಳು. ನನ್ನ ಅವ್ವನ ಅಕ್ಕ, ನನ್ನನ್ನು ಸಾಕಿದವಳು. ಪಿರಿಯಾಪಟ್ಟಣದ ಕಡೆಯ ಹಳ್ಳಿ. ಅರ್ಧ ಆಯುಸ್ಸನ್ನು ಹೊಗೆಸೊಪ್ಪು ಕಟ್ಟುವುದರಲ್ಲೇ ಕಳೆದವಳು. ಫೋಟೋ ಅಂದರೆ ಸಾಕು, "ನನ್ ಮೊಕ್ದಲ್ಲೇನೈತೆ ಬುಡು, ಕೊಟ್ಟಿಗೇಲಿ ಎಮ್ಮೆ ಐತೆ, ಅದುನ್ನ ತಗಿ ಓಗು" ಎಂದು ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಆಧಾರ್ ಕಾರ್ಡಿನಲ್ಲಿದ್ದದ್ದು ತಾನೇ ಅಂತ ಅವಳೇ ಒಪ್ಪುತ್ತಿರಲಿಲ್ಲ. ಒಮ್ಮೆ ರಾಗಿ ಹೊಲದಲ್ಲಿ ನಾನು ಕಾಲು ಜಾರಿ ದಬಕ್ಕನೆ ಕೂತಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಮೊಬೈಲ್ ಎತ್ತಿ ತೆಗೆದೆ. ತಲೆ ಹಿಂದಕ್ಕೆ ಎಸೆದಿದ್ದಾಳೆ, ಬಾಯಿ ಎಲೆಅಡಿಕೆಯಿಂದ ಕೆಂಪಾಗಿದೆ, ಮುಂದಿನ ಒಂದು ಹಲ್ಲಿಲ್ಲ. ಅವಳದ್ದು ಅಂತ ಇದ್ದ ಫೋಟೋ ಅದೊಂದೇ.

ತಿಥಿಗೆ ಫೋಟೋ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಂದವರೆಲ್ಲ ಕೊನೇ ಸಲ ನೋಡುವ ಮುಖ ಆ ನಗುವ ಮುಖವೇ ಆಗಿರಬೇಕು ಅಂತ ನನಗೆ ಹಟ. ಅತ್ತುಕೊಂಡೇ ಅಂಚು ಬರೆದೆ. ರಾಗಿ ಸಾಲಿನ ನಡುವೆ ಅವಳು ಬಿತ್ತುತ್ತಿದ್ದ ಹುಚ್ಚೆಳ್ಳಿನ ಹೂವಿನ ಹಳದಿ, ಅದರ ಹಿಂದೆ ತೆಳ್ಳಗೆ ಹಸಿರು. ನಾನು ಮಾಡಿದ ಕೆಲಸವನ್ನು ನಾನೇ ಮೆಚ್ಚಿಕೊಂಡದ್ದು ಅದೇ ಮೊದಲು.

ಮಾರನೆಯ ದಿನ ಅಣ್ಣ ಸ್ಟುಡಿಯೋಗೆ ಬಂದ. ಅಣ್ಣ ಅಂದರೆ ದೊಡ್ಡವ್ವನ ಮಗ, ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕು ಅಂತ ಬಿಳಿ ಷರಟು ಹೊಲಿಸಿಕೊಂಡು ಓಡಾಡುತ್ತಿದ್ದವನು. ಕಂಪ್ಯೂಟರಿನೊಳಗೆ ಬಗ್ಗಿ ನೋಡಿದ.

"ಇದ್ಯಾಕವ್ವ ಇಂಗೆ ಅಳದಿ ಬಳ್ದಿದ್ದೀಯ? ಇದ್ನೆಲ್ಲ ತಗ್ದಾಕು. ಊರ್ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟುಸ್ತಿದ್ದೀನಿ. ಸುತ್ತ ಅಂಚ್ಗೆ ನಮ್ಮೋರ್ ಫೋಟೋ ಬರ್ಲಿ. ಮ್ಯಾಲೆ ನಮ್ ಲೀಡ್ರುಗಳು, ಕೆಳಗೆ ಸಂಗದ್ ಉಡುಗ್ರು, ಈ ಕಡೆ ನಾನು. ನಂದ್ ವಸಿ ದೊಡ್ದಾಗಿರ್ಲಿ."

"ಸತ್ತಿರೋದು ನಿಮ್ಮವ್ವ ಕಣಣ್ಣ, ನಿಮ್ ಲೀಡ್ರಲ್ಲ" ಅಂದೆ.

"ಅದು ನಂಗೊತ್ತಿಲ್ವಾ? ಅದ್ಕೇ ತಾನೇ ಇಷ್ಟೆಲ್ಲ ಮಾಡುಸ್ತಿರದು. ಇನ್ನೊಂದ್ ಮಾತು. ಅವ್ವ ಬಾಯ್ ಬುಟ್ಕಂಡವ್ಳೆ, ಅಲ್ಲು ಗಿಲ್ಲು ಎಲ್ಲಾ ಕಾಣ್ತದೆ. ತಿಥಿ ಫೋಟೋದಲ್ಲಿ ಯಾರಾರ ನಗ್ತಾರಾ? ಬಾಯ್ ಮುಚ್ಚುಸ್ಬುಡು. ಅಂಗೇ ವಸಿ ಬೆಳ್ಳಗ್ ಮಾಡು."

ಬದುಕಿದ್ದಾಗ ಅವಳ ಬಾಯಿ ಮುಚ್ಚಿಸುವುದು ಯಾರ ಕೈಲೂ ಆಗಿರಲಿಲ್ಲ. ನನ್ನ ಕೈಲಿ ಆಗುವುದಿಲ್ಲ ಎಂದು ಎದ್ದುಬಿಟ್ಟೆ. "ಮನೆಯವರು ಕೇಳಿದಂಗೆ ಮಾಡ್ಕೊಟ್ರೆ ನಿನ್ನ ಗಂಟೇನು ಹೋಗ್ತದಮ್ಮ?" ಎಂದು ಯಜಮಾನರು ನನ್ನ ಕುರ್ಚಿಯಲ್ಲಿ ಕೂತರು. ಯಾವುದೋ ಮದುವೆ ಆಲ್ಬಮ್ಮಿನ ಯಾವಳೋ ಹೆಂಗಸಿನ ತುಟಿ ಕತ್ತರಿಸಿ ತಂದು ದೊಡ್ಡವ್ವನ ಬಾಯಿಯ ಮೇಲೆ ಅಂಟಿಸಿದರು. ಕೆನ್ನೆಗೆ ಸುಣ್ಣದ ಬಿಳುಪು ಬಂತು. ಸುತ್ತ ಒಂದೊಂದೇ ತಲೆ ಕೂರುತ್ತ ಬಂದ ಹಾಗೆ ಅವಳು ಕುಗ್ಗುತ್ತ ಎಡಗಡೆಗೆ ಸರಿದಳು. ನಾನು ಹಿಂದುಗಡೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ತಿಥಿಯ ದಿನ ಬಸ್ಸಿಳಿದರೆ ಎದುರಿಗೇ ಆ ಫ್ಲೆಕ್ಸು. ಬಲಗಡೆ ಆಳೆತ್ತರದ ಅಣ್ಣ, ಕೈ ಮುಗಿದುಕೊಂಡು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸುತ್ತ. ಅವನ ಹಲ್ಲು ಕಾಣಬಹುದಂತೆ! ಮೇಲೆ ತಂಪು ಕನ್ನಡಕದವರು, ಕೆಳಗೆ ಬೈಕಿನ ಮೇಲೆ ಕೂತ ಹುಡುಗರು, ಮೂಲೆಯಲ್ಲೊಂದು ಉರಿಯುವ ದೀಪ. ದೊಡ್ಡವ್ವ ಎಲ್ಲಿ ಅಂತ ನಾನೇ ಹುಡುಕಬೇಕಾಯಿತು. ಆ ದರಿದ್ರವನ್ನು ಇನ್ನೊಂದು ಗಳಿಗೆ ನೋಡಲಾರದೆ ಮನೆಗೆ ನಡೆದೆ.

ಎಡೆ ಇಟ್ಟು ಪೂಜೆಗೆ ಅಣಿಯಾಗುತ್ತಿತ್ತು. ಆಗ ಬೀದಿಯಿಂದಲೇ ಎದೆ ಬಡಿದುಕೊಳ್ಳುತ್ತ ಒಬ್ಬ ಮುದುಕಿ ಬಂದಳು. ಎಚ್.ಡಿ. ಕೋಟೆ ಕಡೆಯವಳು, ದೊಡ್ಡವ್ವನ ಜೊತೆ ಎಷ್ಟೋ ವರ್ಷ ಹೊಗೆಸೊಪ್ಪು ಕಟ್ಟಿದವಳು. ಸಾವಿನ ಸುದ್ದಿಯನ್ನು ಅವಳಿಗೆ ಯಾರೂ ಮುಟ್ಟಿಸಿರಲಿಲ್ಲ. ಗೆಳತಿಯನ್ನು ನೋಡಿಹೋಗೋಣ ಅಂತ ತಾನಾಗಿ ಬಂದಿದ್ದಳು. ಅವಳಿಗೆ ಅಕ್ಷರ ಬಾರದು. ಆದರೆ ಮೂಲೆಯಲ್ಲಿ ದೀಪ ಉರಿಯುತ್ತಿದ್ದರೆ ಅದು ಸಾವಿನ ಫ್ಲೆಕ್ಸು ಅಂತ ಈಗ ಎಲ್ಲರಿಗೂ ಗೊತ್ತು.

"ಎಲ್ಲವ್ಳೆ ನನ್ ಗೆಳ್ತಿ? ಎದೆಯುದ್ದ ಬೆಳ್ದಿದ್ ಮಗನ್ನ ಕಳ್ಕಂಡು ಎಂಗ್ ಜೀವ ಇಡ್ಕಂಡವ್ಳೆ? ಕರೀರವ್ವಾ ಅವ್ಳ್ನ! ಒಂದ್ ಸಲ ತಬ್ಕತೀನಿ!"

ಗಲಾಟೆ ಕೇಳಿ ಒಳಗಿನಿಂದ ಅಣ್ಣ ಬಂದ. ಅವನನ್ನು ಕಂಡದ್ದೇ ಮುದುಕಿ "ಅಯ್ಯೋ ನಮ್ಮಪ್ಪಾ!" ಎಂದು ಜಗಲಿಯ ಮೇಲೆ ಕುಸಿದಳು. ಫ್ಲೆಕ್ಸು ನೋಡಿ ಸತ್ತವನು ತಾನೇ ಅಂತ ಅವಳು ಅಂದುಕೊಂಡಿದ್ದಾಳೆ ಎಂದು ತಿಳಿಯುತ್ತಲೇ ಅಣ್ಣನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಹೆತ್ತವಳನ್ನು ಮಣ್ಣು ಮಾಡಿದ ದಿನವೂ ಅವನು ಅಷ್ಟು ನಡುಗಿರಲಿಲ್ಲ.

"ಸಾಮೇರೇ, ಬದ್ಕಿರೋನ್ಗೆ ಇಂಗಂದ್ಬುಟ್ರೆ ಏನಾರ ಶಾಂತಿ ಮಾಡುಸ್ಬೇಕಾ?" ಎಂದು ಪುರೋಹಿತರ ಕಡೆ ಓಡಿದ. ಅಲ್ಲಿಂದಲೇ ಕೂಗಿದ: "ಓಗ್ರುಲಾ, ಮೊದ್ಲು ಆ ಫ್ಲೆಕ್ಸ್ ಕಿತ್ತಾಕ್ರುಲಾ!"

ನನ್ನ ಮಾತಿಗೆ ಇಳಿಯದ ಫ್ಲೆಕ್ಸು ಅವನ ಜೀವದ ಹೆದರಿಕೆಗೆ ಇಳಿಯಿತು. ಇಂಥವನ ಬಗ್ಗೆ ಹೇಸಿಗೆ ಪಡುವುದಕ್ಕೂ ಹೇಸಿಗೆಯಾಯಿತು. ನಾನು ಹೋಗಿ ಮುದುಕಿಯ ಪಕ್ಕ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಂಗಾರೆ ತೀರ್ಕಂಡೋರ್ ಯಾರವ್ವ?"

"ದೊಡ್ಡವ್ವ ಕಣಜ್ಜಿ. ನಿನ್ ಗೆಳ್ತಿ. ಆ ಫ್ಲೆಕ್ಸಲ್ಲೇ ಇದ್ಲಲ್ಲ."

ಮುದುಕಿ ಇಲ್ಲವೆಂದು ತಲೆಯಾಡಿಸಿದಳು.

"ಅಲ್ಲೇ ನಿಂತ್ಕಂಡು ಒಂದೊಂದ್ ಮೊಕಾನೂ ನೋಡ್ದೆ ಕಣವ್ವ. ಅವ್ಳಿದ್ದಿದ್ರೆ ನಂಗ್ ಗುರ್ತು ಸಿಕ್ತಿರ್ನಿಲ್ವಾ? ಅವ್ಳಿರ್ನಿಲ್ಲ ಅದ್ರಲ್ಲಿ."