ನೀರು ನಿಲ್ಲದ ಕಂಬಳಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ತುಂಬ ಹುರಿದ ಹುಣಸೆಬೀಜದ ವಾಸನೆ. ಮೂಗು ಮುರಿಯಬೇಡಿ ಮಕ್ಕಳೇ, ಒಳ್ಳೆಯ ವಾಸನೆಯೇ. ಸಿರಾ ಸೀಮೆಯಲ್ಲಿ, ಪಟ್ಟನಾಯಕನಹಳ್ಳಿಗೆ ಹತ್ತಿರದ ಒಂದು ಹಳ್ಳಿ ನಮ್ಮದು. ಅಪ್ಪ ಕಂಬಳಿ ನೇಯುತ್ತಿದ್ದ. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕಿದರೆ ಅದು ತಗಡಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ಬೀಜ ಹುರಿಯುವುದು, ಸಿಪ್ಪೆ ಬಿಡಿಸುವುದು, ಒರಳಿನಲ್ಲಿ ರುಬ್ಬುವುದು ಎಲ್ಲ ಅಕ್ಕನ ಕೆಲಸ. ಹುರಿದ ಬೀಜ ಕದ್ದು ಬಾಯಿಗೆ ಹಾಕಿಕೊಂಡು ದಿನವಿಡೀ ಕಟಕಟ ಅನ್ನಿಸುವುದು ನನ್ನ ಕೆಲಸ.

ಅವ್ವನ ಮುಖ ನನಗೆ ನೆನಪಿಲ್ಲ. ನಾನು ಹುಟ್ಟಿದ ವರ್ಷವೇ ಹೋಗಿಬಿಟ್ಟಳಂತೆ. ನನ್ನನ್ನು ಸಾಕಿದ್ದು ಅಕ್ಕ. ಅವಳನ್ನು ಪಾವಗಡದ ಆಚೆ, ತಿರುಮಣಿ ಕಡೆಯ ಹಳ್ಳಿಗೆ ಮದುವೆ ಮಾಡಿ ಕಳಿಸಿದ ಮೇಲೆ ಮನೆ ಮಾತೇ ಮರೆತುಬಿಟ್ಟಿತು. ಸಂಜೆ ನಾನೂ ಅಪ್ಪನೂ ಎದುರುಬದುರು ಕೂತು ಮುದ್ದೆ ನುಂಗುತ್ತಿದ್ದೆವು. “ಉಪ್ಪು ಸಾಕೇನ್ಲಾ?” ಅನ್ನುತ್ತಿದ್ದ ಅಪ್ಪ. “ಹೂಂ” ಅನ್ನುತ್ತಿದ್ದೆ ನಾನು. ಅಷ್ಟೇ ನಮ್ಮ ಮಾತುಕತೆ. ಅಕ್ಕ ಮಲಗುತ್ತಿದ್ದ ಮೂಲೆಯಲ್ಲಿ ಮಲಗಿಕೊಂಡು ನಾನು ಗೋಡೆಯ ಜೊತೆ ಮಾತಾಡುತ್ತಿದ್ದೆ. ಪಾಪ, ಗೋಡೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಆಗ ಮೈಸೂರು ಮಹಾರಾಜರ ಕಾಲ. ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ಸಿರಾ ಪೇಟೆಯ ಅಂಗಡಿಗಳಿಗೆ ಮಿಲ್ಲಿನ ಕಂಬಳಿಗಳು ಬಂದಿಳಿದವು. ಕೆಂಪು, ಹಸಿರು, ಬೆಣ್ಣೆಯಷ್ಟು ಮೆತ್ತಗೆ. ಅಪ್ಪ ಪೇಟೆಗೆ ಹೋದಾಗಲೆಲ್ಲ ಅಂಗಡಿಯ ಎದುರು ನಿಂತು ನೋಡುತ್ತಿದ್ದ. ಜನ ಆ ಕಂಬಳಿಯನ್ನು ಕೈಯಲ್ಲಿ ಸವರುತ್ತಿದ್ದರು, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಅಪ್ಪನ ಕಂಬಳಿ ಮುಟ್ಟಿದವರು ಮಾತ್ರ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅಂಗಡಿಯ ಸಾಹೇಬರು ಒಳ್ಳೆಯವರು, ಅಪ್ಪನ ಮಾಲನ್ನು ಎಷ್ಟೋ ವರ್ಷ ಮಾರಿಕೊಟ್ಟವರು. ಈಗ ಅವರೂ “ಏನ್ಮಾಡ್ಲಿ ಭಯ್ಯಾ, ಚುಚ್ಚುತ್ತೆ ಅಂತಾರೆ” ಎಂದು ಕೈ ಚೆಲ್ಲಿದರು.

ದಾರಿಯಲ್ಲಿ ಬರುತ್ತಾ ಅಪ್ಪ ನನಗೆ ಹೇಳಿದ, “ಗಿರಾಕಿ ಬಾಯಿ ನೋಡಬಾರ್ದು ಕಣ್ಲಾ, ಕೈ ನೋಡ್ಬೇಕು. ಬಾಯಿ ಸುಳ್ಳು ಹೇಳ್ತದೆ, ಕೈ ಹೇಳಲ್ಲ. ಜನಕ್ಕೆ ಈಗ ಮೆತ್ತಗಿರೋದು ಬೇಕು.” ಪಾವಗಡದ ಸಂತೆಗೆ ಮಿಲ್ಲಿನ ಮಾಲು ಇನ್ನೂ ಕಾಲಿಟ್ಟಿರಲಿಲ್ಲ. ಅದು ಬರುವ ಮೊದಲೇ ತಾನು ಮೆತ್ತನೆಯ ಕಂಬಳಿ ಒಯ್ದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಖಾಲಿಯಾಗುತ್ತದೆ ಎಂದು ಅಪ್ಪನ ಲೆಕ್ಕಾಚಾರ. ಕುರಿಮರಿಗಳ ಮೊದಲ ಉಣ್ಣೆಯನ್ನೇ ಹುಡುಕಿ ತಂದ. ಗಂಜಿ ಬಳಿಯಲೇ ಇಲ್ಲ. ಹೇಗೂ ರುಬ್ಬುವ ಅಕ್ಕನೂ ಇರಲಿಲ್ಲವಲ್ಲ. ಆ ವರ್ಷ ಮನೆಯಲ್ಲಿ ಹುಣಸೆಬೀಜದ ವಾಸನೆಯೇ ಏಳಲಿಲ್ಲ. ನನಗೆ ಅದು ಬೇರೆ ಯಾರದೋ ಮನೆಯ ಹಾಗೆ ಅನ್ನಿಸುತ್ತಿತ್ತು.

ಸಂತೆಗೆ ಗಾಡಿ ಕಟ್ಟಿದ ದಿನ ಒಂದು ಮಾತು ನನ್ನ ಕಿವಿಗೆ ಬಿತ್ತು. ಗಾಡಿ ಹೊಡೆಯುವ ತಾತನಿಗೆ ಅಪ್ಪ ಹೇಳುತ್ತಿದ್ದ, “ಈ ಸಲ ಮಾಲು ಹೋಗ್ಲಿಲ್ಲ ಅಂದ್ರೆ ಮಗ್ಗ ಬಿಚ್ಬುಡ್ತೀನಿ. ಬೆಂಗಳೂರು ಮಿಲ್ಲಿಗೆ ಹೊಂಟೋಗ್ತೀನಿ. ಇವ್ನನ್ನ ಚನ್ನರಾಯನದುರ್ಗದಲ್ಲಿ ನಮ್ಮಕ್ಕನ ಮನೇಲಿ ಬುಡ್ತೀನಿ.” ಅವ್ವ ಹೋದಳು, ಅಕ್ಕ ಹೋದಳು, ಈಗ ಅಪ್ಪನೂ ಹೋಗುತ್ತಾನೆ! ದಾರಿಯುದ್ದಕ್ಕೂ ಕಂಬಳಿಯ ಹೊರೆಯ ಮೇಲೆ ಮಲಗಿ, ಕಂಡ ಕಂಡ ಗುಡಿಗೆಲ್ಲ ಕೈ ಮುಗಿದೆ. ಎಲ್ಲ ಕಂಬಳಿಯೂ ಮಾರಿಹೋಗಲಿ ಎಂಬುದೊಂದೇ ನನ್ನ ಬೇಡಿಕೆ.

ಪಾವಗಡದ ಸಂತೆ ನನಗೆ ಬೇರೆ ದೇಶವಾಗಿ ಕಂಡಿತು. ಬಂಡೆಗಳ ಬೆಟ್ಟ, ಕೆಂಪು ಧೂಳು, ಕಡಲೆಕಾಯಿ ರಾಶಿಗಳ ಮಣ್ಣು ವಾಸನೆ. ಸುತ್ತಲೂ ತೆಲುಗು. ಯಾರು ಬೈಯುತ್ತಿದ್ದಾರೆ, ಯಾರು ಕರೆಯುತ್ತಿದ್ದಾರೆ ಒಂದೂ ತಿಳಿಯದು. ಯಾವಾಗಿನಂತೆ ಕುರಿ ಸಂತೆಯ ಪಕ್ಕದಲ್ಲೇ ಅಪ್ಪ ಕಂಬಳಿ ಹರವಿದ. ಕುರಿ ಕಾಯುವವರೇ ಅವನ ಹಳೆಯ ಗಿರಾಕಿಗಳು.

ಅವರು ಕಂಬಳಿ ಕೊಳ್ಳುವ ರೀತಿಯೇ ಬೇರೆ, ಮಕ್ಕಳೇ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತುತ್ತಾರೆ. ಒಬ್ಬ ನಡುವೆ ಚೊಂಬಿನಿಂದ ನೀರು ಸುರಿಯುತ್ತಾನೆ. ಗಂಜಿ ಕುಡಿದ ಒಳ್ಳೆಯ ಕಂಬಳಿಯಾದರೆ ನೀರು ಕಟ್ಟೆಯೊಳಗೆ ನಿಂತ ಹಾಗೆ ನಿಂತುಬಿಡುತ್ತದೆ, ಕೆಳಗೆ ಒಂದು ಹನಿ ಬೀಳುವುದಿಲ್ಲ. ಅಪ್ಪನ ಕಂಬಳಿಗೆ ಆ ಸೀಮೆಯಲ್ಲಿ ಹೆಸರಿದ್ದದ್ದೇ ಅದಕ್ಕೆ. ಮೀಸೆ ನರೆತ ಒಬ್ಬ ಕುರಿಗಾಹಿ ಅಪ್ಪನನ್ನು ಕಂಡು ನಕ್ಕು, ಸಲುಗೆಯಿಂದ ಒಂದು ಕಂಬಳಿ ಎತ್ತಿಸಿದ, ನೀರು ಸುರಿದ. ಅಯ್ಯೋ, ನೀರು ನಿಲ್ಲುವುದಿರಲಿ, ಸೊರ್ರನೆ ಇಳಿದು ಅವನ ಕಾಲನ್ನೇ ತೊಳೆಯಿತು.

“ಇದಿ ಗೊಂಗಡಾ, ಜಲ್ಲೆಡಾ?” ಅಂದ ಅವನು. ಇದು ಕಂಬಳಿಯೋ ಜರಡಿಯೋ ಅಂತ. ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಅಪ್ಪ “ಮುಟ್ಟಿ ನೋಡಿ, ಎಷ್ಟು ಮೆತ್ತಗದೆ” ಎನ್ನುತ್ತಲೇ ಇದ್ದ. ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬರೇ ಸರಿದುಹೋದರು. ಬಿಸಿಲು ನೆತ್ತಿಗೆ ಬಂತು. ಒದ್ದೆ ಕಂಬಳಿ ಕುರಿಯ ವಾಸನೆ ಬೀರುತ್ತಾ ಬಿದ್ದಿತ್ತು. ಅಷ್ಟು ದೊಡ್ಡ ಸಂತೆಯಲ್ಲಿ ನಾವಿಬ್ಬರೇ ಇದ್ದಂತೆ ಆಯಿತು. ಬೆಂಗಳೂರು ಮಿಲ್ಲು ನನ್ನ ಕಣ್ಣೆದುರು ಬಂದು ನಿಂತಿತು. ಅದನ್ನು ನಾನು ಕಂಡವನಲ್ಲ, ಆದರೂ ಹೆದರಿಕೆಯಾಯಿತು.

“ತಮ್ಮಾ!” ಎಂದು ಕೇಳಿಸಿತು. ತಿರುಗಿದರೆ ಅಕ್ಕ. ನಾವು ಬರುವ ಸುದ್ದಿ ತಿಳಿದು ತನ್ನ ಅತ್ತೆಯ ಜೊತೆ ಸಂತೆಗೆ ಬಂದಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಬಡವಾಗಿತ್ತು. ನಾನು ಓಡಿಹೋಗಿ ಅವಳ ಸೆರಗಿನಲ್ಲಿ ಮುಖ ಹುದುಗಿಸಿದೆ. “ಯಾಕ್ಲಾ ಅಳ್ತೀಯಾ? ಆ ಮನೇಲಿ ಎಲ್ರೂ ತೆಲುಗೇ ಕಣೋ. ನಂಗೆ ಕನ್ನಡ ಮಾತಾಡೋಕೆ ಎಮ್ಮೇನೇ ಗತಿ. ಅದೂ ಈಗೀಗ ನಂಗೆ ಉತ್ರ ಕೊಡ್ತದೆ” ಎಂದು ನಕ್ಕಳು. ನನಗೂ ನಗು ಬಂತು. ಆಮೇಲೆ ತಿಳಿಯಿತು, ನನ್ನ ಹಾಗೆ ಅವಳಿಗೂ ಅಲ್ಲಿ ಮಾತಾಡಲು ಗೋಡೆಯೇ ಸಿಕ್ಕಿತ್ತು.

ಅಪ್ಪ ನಡೆದದ್ದನ್ನು ಹೇಳಿದ. ಅಕ್ಕ ಕಂಬಳಿಯ ಮೇಲೆ ಕೈಯಾಡಿಸಿದಳು. “ಗಂಜಿ ಇಲ್ದೆ ತಂದ್ಬುಟ್ಯಾ? ಅಲ್ಲಪ್ಪಾ, ಸಿರಾ ಪೇಟೆಯೋರ ತಲೆ ಮೇಲೆ ಸೂರದೆ. ಇವ್ರು ವರ್ಷ ಪೂರ್ತಿ ಕುರಿ ಜೊತೆ ಬಯಲಲ್ಲಿ ಮಲಗೋರು. ಇವ್ರಿಗೆ ಕಂಬಳೀನೇ ಸೂರು. ಮಳೆ ಬಂದ್ರೆ ಅದ್ರ ಕೆಳಗೇ ಕೂರ್ಬೇಕು. ಮೆತ್ತಗಿರೋದು ತಗೊಂಡು ಇವ್ರೇನು ಮಾಡ್ತಾರೆ?” ಅಪ್ಪ ತಲೆ ತಗ್ಗಿಸಿದ. ಅವನು ಕೈಗಳನ್ನೇನೋ ನೋಡಿದ್ದ, ಆದರೆ ಅವು ಬೇರೆ ಊರಿನ ಕೈಗಳು.

ದಣಿದಿದ್ದ ಅಕ್ಕ ಅಲ್ಲೇ ಕೂತು ಕಂಬಳಿಯೊಂದನ್ನು ಬೆನ್ನಿಗೆ ಸುತ್ತಿಕೊಂಡಳು. “ಮೈಗೆ ಹಿತವಾಗದೆ ಅಪ್ಪಾ. ಒಂದ್ಚೂರೂ ಚುಚ್ಚಲ್ಲ. ಬಾಣಂತೀರ್ಗೆ, ಕೂಸಿಗೆ ಇಂಥದ್ದೇ ಬೇಕು. ನೀನು ಗಂಡಸ್ರ ಮುಂದೆ ಹರವ್ಕೊಂಡು ಕೂತ್ರೆ ಹೆಂಗೆ? ಎತ್ತು, ಬಳೆಗಾರ್ರು ಕೂರೋ ಸಾಲಿಗೆ ಹೋಗಾನ” ಎಂದು ಎದ್ದೇಬಿಟ್ಟಳು.

ಬಳೆ ಸಾಲಿನಲ್ಲಿ ಹೆಂಗಸರದೇ ಗಲಾಟೆ. ಕಂಬಳಿ ಮಾರುವವರು ಅಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಏನಿದು ಹೊಸದು ಎಂದು ಕತ್ತು ಚಾಚಿದರು. ಅಕ್ಕ ತನ್ನ ಹರಕುಮುರಕು ತೆಲುಗಿನಲ್ಲಿ ಏನೋ ಹೇಳುತ್ತಾ, ಒಬ್ಬ ತಾಯಿಯ ಕೈಯಿಂದ ಕೂಸನ್ನು ಇಸಿದುಕೊಂಡು ಕಂಬಳಿಯಲ್ಲಿ ಸುತ್ತಿದಳು. ಎಲ್ಲರೂ ಕೂಸಿನ ಮುಖ ನೋಡುತ್ತಾ ನಿಂತರು. ಕೂಸು ಅಳಲಿಲ್ಲ. ಒಂದು ಸಲ ಆಕಳಿಸಿ, ಕಂಬಳಿಯ ಅಂಚನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು. “ಮಾ ಕೋಡಲಿಕಿ ಒಕಟಿ ಇಯ್ಯಮ್ಮಾ” ಎಂದು ಒಬ್ಬ ಮುದುಕಿ ಕೈ ಚಾಚಿದಳು. ನಮ್ಮ ಸೊಸೆಗೊಂದು ಕೊಡಮ್ಮ ಅಂತ. ಆಮೇಲೆ ನನಗೊಂದು, ನನ್ನ ಮಗಳಿಗೊಂದು ಎಂದು ಮುಗಿಬಿದ್ದರು. ಒದ್ದೆಯಾಗಿದ್ದ ಕಂಬಳಿಯೂ ಹೋಯಿತು!

ಕಡೆಗೆ ಒಂದೇ ಉಳಿಯಿತು. ಅಕ್ಕ ಅದನ್ನು ಮಡಿಸುವಾಗ ನಾನು ಅವಳ ಕೈ ನೋಡುತ್ತಿದ್ದೆ. ಮಡಿಕೆಯ ಮೇಲೆ ಕೈ ಹಾಗೇ ನಿಂತಿತು. ಮೆಲ್ಲಗೆ ಒಂದು ಸಲ ಸವರಿದಳು. ಅಷ್ಟರಲ್ಲಿ ಯಾರೋ ಬೇಕು ಎಂದರು, ಕೊಟ್ಟುಬಿಟ್ಟಳು. ಅವಳ ಅತ್ತೆ ಕೂಗಿದರು. ಅಕ್ಕ ನನ್ನ ತಲೆ ಸವರಿ, ಹಿಂತಿರುಗಿ ಹಿಂತಿರುಗಿ ನೋಡುತ್ತಾ ಹೋದಳು.

ಮರಳಿ ಬರುವಾಗ ಅಪ್ಪನ ಬಾಯಿಗೆ ಬಿಡುವೇ ಇರಲಿಲ್ಲ. ವರ್ಷಕ್ಕಾಗುವಷ್ಟು ಮಾತಾಡಿದ. “ಇನ್ಮೇಲೆ ಎರಡು ಥರ ನೇಯೋದು ಕಣ್ಲಾ. ಕುರಿಗಾಹಿಗೆ ಗಂಜೀದು, ಹೆಂಗಸ್ರಿಗೆ ಮೆತ್ತಂದು. ಬೆಂಗಳೂರೂ ಬೇಡ, ಗಿಂಗಳೂರೂ ಬೇಡ!” ಗಾಡಿ ತಾತನೂ ಉತ್ಸಾಹದಿಂದ ಎತ್ತಿನ ಬಾಲ ತಿರುವಿದ. ನನಗೆ ಕುಣಿಯುವಷ್ಟು ಸಂತೋಷ. ಅಪ್ಪ ಒಂದೊಂದೇ ಕಂಬಳಿಯನ್ನು ನೆನೆಸಿಕೊಂಡ. ಇದು ಆ ಮುದುಕಿಯ ಸೊಸೆಗೆ, ಇದು ಮೂಗುತಿಯವಳ ಮಗಳಿಗೆ, ಇದು ಚೊಚ್ಚಲ ಬಸುರಿಗೆ.

“ಅಕ್ಕಂಗೆ ಯಾವ್ದಪ್ಪಾ?” ಎಂದು ಕೇಳಿದೆ.

ಅಪ್ಪ ಖಾಲಿ ಗಾಡಿಯತ್ತ ತಿರುಗಿ ನೋಡಿದ. ಗಾಡಿ ಇನ್ನಷ್ಟು ದೂರ ಹೋಯಿತು. ಅಕ್ಕ ಮಡಿಕೆಯ ಮೇಲೆ ಕೈಯಿಟ್ಟು ನಿಂತದ್ದನ್ನು ನಾನು ಹೇಳಿದೆ. ಅಪ್ಪ ಮುಖ ಆಚೆ ತಿರುಗಿಸಿದ. ಆಮೇಲೆ “ಗಾಡಿ ನಿಲ್ಸಣ್ಣ” ಅಂದ. ಅವನ ಹೆಗಲ ಮೇಲೆ ಒಂದು ಹಳೆಯ ಕಂಬಳಿ ಯಾವಾಗಲೂ ಇರುತ್ತಿತ್ತು. ಮದುವೆಯಲ್ಲಿ ಅವ್ವನಿಗೆಂದು ನೇಯ್ದದ್ದು. ಎಷ್ಟೋ ವರ್ಷ ಹೊದ್ದು ಹೊದ್ದು ಗಂಜಿಯೆಲ್ಲ ಹೋಗಿ ಮಗುವಿನ ಕೆನ್ನೆಯಷ್ಟು ಮೆತ್ತಗಾಗಿತ್ತು. ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದ. “ನೀನು ತಾತನ ಜೊತೆ ಊರಿಗೆ ಹೋಗಿರು, ಬತ್ತೀನಿ” ಎಂದು ಬಂದ ದಾರಿಯಲ್ಲೇ ತಿರುಗಿ ನಡೆದುಬಿಟ್ಟ.

ಅಪ್ಪ ನನ್ನನ್ನು ಬಿಟ್ಟು ಹೋಗದಿರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದವನು ನಾನು. ಈಗ ಅಪ್ಪ ನನ್ನ ಕಣ್ಣೆದುರೇ ಕೆಂಪು ಧೂಳಿನಲ್ಲಿ ಚಿಕ್ಕವನಾಗುತ್ತಾ ಹೋದ. ಬಾ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಖಾಲಿ ಗಾಡಿಯಲ್ಲಿ ಒಬ್ಬನೇ ಕೂತು ಮೊಣಕಾಲು ಅಪ್ಪಿಕೊಂಡೆ. ಮನೆಗೆ ಬಂದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಾದೆ. ಆ ಕಾಯುವಿಕೆಯಷ್ಟು ಉದ್ದದ್ದು ನನ್ನ ಇಡೀ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಅಪ್ಪ ಬಂದ. ಹೆಗಲು ಬರಿದಾಗಿತ್ತು. “ಏನು ಬೇಕವ್ವಾ ಅಂತ ಕೇಳ್ದೆ ಕಣ್ಲಾ” ಅಂದ. “ಕಂಬಳಿ ಇಸ್ಕೊಂಡ್ಳು. ಆಮೇಲೆ, ಹೆರಿಗೆಗೆ ಮನೆಗೆ ಬರ್ಬೇಕು ಅಂದ್ಳು. ಮನೇಲಿ ಅವ್ವ ಇಲ್ಲ, ನೋಡ್ಕೊಳ್ಳೋರಿಲ್ಲ, ಅದ್ಕೇ ಅಪ್ಪ ಕರೀಲಿಲ್ಲ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ಳಂತೆ. ನಾನೂ ಕೇಳ್ನಿಲ್ವಲ್ಲ.” ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಅಕ್ಕ ಬಂದಳು. ನೋಡಿಕೊಳ್ಳಲು ಚನ್ನರಾಯನದುರ್ಗದಿಂದ ಅಪ್ಪನ ಅಕ್ಕ, ನಮ್ಮ ಸೋದರತ್ತೆಯೂ ಬಂದಳು. ಕೆಲವು ತಿಂಗಳು ಮನೆಯಲ್ಲಿ ಹುಣಸೆಬೀಜದ ವಾಸನೆ, ಕೂಸಿನ ಅಳು, ಅಕ್ಕನ ನಗು ಎಲ್ಲ ತುಂಬಿಕೊಂಡಿತ್ತು. ಆಮೇಲೆ ಅವಳು ಕೂಸನ್ನು ಅವ್ವನ ಕಂಬಳಿಯಲ್ಲಿ ಸುತ್ತಿಕೊಂಡು ಹೊರಟುಹೋದಳು. ಮೂಲೆ ಮತ್ತೆ ಖಾಲಿಯಾಯಿತು. ಆದರೆ ಅಂದಿನಿಂದ ಅಪ್ಪ ಊಟಕ್ಕೆ ಕೂತಾಗ ಉಪ್ಪಿನ ಮಾತೊಂದೇ ಆಡುತ್ತಿರಲಿಲ್ಲ. “ಇವತ್ತು ಏನೇನಾಯ್ತ್ಲಾ?” ಎಂದೂ ಕೇಳುತ್ತಿದ್ದ.

ಈಗ ನಿಮ್ಮ ಕಾಲ. ಮೊನ್ನೆ ನಾನು ಚಳಿ ಅಂದದ್ದೇ ತಡ, ನಿಮ್ಮ ಫೋನು ಬಗೆಬಗೆಯ ಹೊದಿಕೆ ತೋರಿಸಿತಂತೆ. ಅಪ್ಪ ಪೇಟೆ ಬೀದಿಯಲ್ಲಿ ಕಾಲು ನೋಯುವವರೆಗೆ ನಿಂತು ಕಲಿತದ್ದನ್ನು ಅದು ಕೂತಲ್ಲೇ ಕಲಿತಿದೆ, ಭಲೇ! ಹೊದಿಕೆಯೂ ಮನೆ ಬಾಗಿಲಿಗೇ ಬಂತು. ಮೆತ್ತಗಿದೆ, ಚುಚ್ಚುವುದಿಲ್ಲ, ಹೊದ್ದುಕೊಂಡೇ ಕೂತಿದ್ದೇನೆ. ನೀವು ಅದನ್ನು ನನ್ನ ಮೇಲೆ ಹಾಕಿ ನಿಮ್ಮ ನಿಮ್ಮ ಕೋಣೆಗೆ ಹೋದಿರಿ.

ನಾನು ಚಳಿ ಅಂದದ್ದು ನೀವು ಯಾರಾದರೂ ಬಂದು ಪಕ್ಕದಲ್ಲಿ ಕೂರಲಿ ಅಂತ ಕಣ್ರೋ. ಕೇಳಿದ್ದರೆ ಹೇಳುತ್ತಿದ್ದೆ. ಇರಲಿ, ಇತ್ತ ಸರಿದು ಕೂತುಕೊಳ್ಳಿ. ಹೊದಿಕೆ ದೊಡ್ಡದಾಗಿದೆ, ಎಲ್ಲರಿಗೂ ಸಾಕು.