ಬಚ್ಚಿಟ್ಟ ಚೀಟಿ ಹುಡುಕುವ ರಾಮಚಂದ್ರ

ಬೆಳಗಿನ ಐದೂವರೆ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಇನ್ನೂ ಇಂಜಿನ್ ಶುರು ಮಾಡಿಲ್ಲ. ಕಲ್ಲುಬೆಂಚಿನ ಪಕ್ಕ ಮಂಡಿಯೂರಿ ಕೂತ ರಾಮಚಂದ್ರ ಬೇರೆಯವರ ಕೈಚೀಲವನ್ನು ಬರಿದು ಮಾಡುತ್ತಿದ್ದಾರೆ. ಒಂದು ಸೀರೆ, ಒಂದು ಟವಲ್ಲು, ಪೇಪರಿನಲ್ಲಿ ಸುತ್ತಿದ ಎಲೆ ಅಡಿಕೆ, ಮೂರು ಅಂತಸ್ತಿನ ಟಿಫನ್ ಕ್ಯಾರಿಯರ್.

"ಮೊದಲ್ನೇ ಡಾಕ್ಟ್ರು ಕೊಟ್ಟ ಚೀಟಿ ಎಲ್ಲಿ?" ಎಂದು ಕೇಳುತ್ತಾರೆ.

ಚೀಲದ ಯಜಮಾನ, ಕ್ಯಾತನಹಳ್ಳಿಯ ಕಬ್ಬಿನ ಬೆಳೆಗಾರ ಚಿಕ್ಕಸ್ವಾಮಿ, ಬಸ್ಸಿನ ಬೋರ್ಡು ಓದುತ್ತಾ ನಿಂತಿದ್ದಾರೆ. ಮಗ ತಿಮ್ಮರಾಜು ಚಪ್ಪಲಿಯ ತುದಿಯಲ್ಲಿ ಮಣ್ಣು ಕೆದಕುತ್ತಿದ್ದಾನೆ. ಕಾಯಿಲೆ ಬಿದ್ದಿರುವ ಹೆಂಡತಿ ದ್ಯಾವಮ್ಮ ಸೆರಗನ್ನು ಎಡ ಎದೆಯ ಮೇಲೆ ಬಿಗಿಯಾಗಿ ಹೊದ್ದು ಸುಮ್ಮನೆ ಕೂತಿದ್ದಾರೆ. ರಾಮಚಂದ್ರ ಕ್ಯಾರಿಯರ್ ಬಿಚ್ಚುತ್ತಾರೆ. ಮೇಲಿನ ಡಬ್ಬಿಯಲ್ಲಿ ಮುದ್ದೆ, ನಡುವಿನದರಲ್ಲಿ ಉಪ್ಪಿನಕಾಯಿ, ಕೆಳಗಿನದರಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕಾಗಿ ಮಡಿಸಿದ ಚೀಟಿ ಮತ್ತು ಗಡ್ಡೆಯ ಚೂರು ಅಂಟಿಸಿದ ಗಾಜಿನ ಪಟ್ಟಿ.

"ಬಸ್ಸಾರು ಇರ್ತದೆ ಅನ್ಕಂಡ್ರೆ ಬಯಾಪ್ಸಿ ಮಡ್ಗಿದ್ದೀರಲ್ರಪ್ಪಾ!"

ಪ್ರತಿ ಗುರುವಾರ ಇದೇ ಹಾಡು. ಬೇರೆ ದಿನಗಳಲ್ಲಿ ರಾಮಚಂದ್ರ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಅಟೆಂಡರ್. ದಿನಕ್ಕೆ ಅರವತ್ತು ಗಾಜಿನ ಪಟ್ಟಿ ತೊಳೆಯುವುದು, ಮೂವತ್ತು ರಕ್ತದ ಬಾಟಲಿಗಳಿಗೆ ಹೆಸರು ಅಂಟಿಸುವುದು ಅವರ ಕೆಲಸ. ವಾರಕ್ಕೊಂದು ರಜೆ ಗುರುವಾರ. ಆ ದಿನ ಸಂತೆಬಾಚಹಳ್ಳಿ ಕಡೆಯಿಂದ, ನಾಗಮಂಗಲದಿಂದ, ಸುತ್ತಲಿನ ಊರುಗಳಿಂದ ಕ್ಯಾನ್ಸರ್ ಎಂದು ಬರೆಸಿಕೊಂಡು ಬಂದವರನ್ನು ಇನ್ನೊಂದು ಅಭಿಪ್ರಾಯ ಕೇಳಲು ಮೈಸೂರಿನ ಎರಡನೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಯಾರೂ ನೇಮಿಸಿದ ಕೆಲಸವಲ್ಲ. ಒಂಬತ್ತು ವರ್ಷದಿಂದ ನಡೆಯುತ್ತಿದೆ. ಎಷ್ಟು ಜನ ಬಂದರು ಎಂದರೆ ಗೊತ್ತಿಲ್ಲ ಎನ್ನುತ್ತಾರೆ. "ಅರ್ಧ ದಾರೀಲಿ ತಿರುಕ್ಕಂಡು ಓದೋರ್ದು ಲೆಕ್ಕ ಮಾತ್ರ ಗ್ಯಾಪಕದಲ್ಲಿ ಅದೆ. ನಲವತ್ತಾರು ಜನ. ಒಂದೊಂದು ಮಖವೂ ಗ್ಯಾಪಕದಲ್ಲಿ ಅದೆ."

ಎರಡನೇ ಡಾಕ್ಟರನ್ನು ಕಾಣಲು ಹೊರಟವರು ಮೊದಲನೇ ಡಾಕ್ಟರ ಚೀಟಿಯನ್ನು ಯಾಕೆ ಬಚ್ಚಿಡಬೇಕು? ಅವರ ಕೆಲಸ ನೋಡಲೆಂದು ಜೊತೆಗೆ ಹೊರಟ ನನಗಂತೂ ತಲೆಬುಡ ತಿಳಿಯಲಿಲ್ಲ. ಬಸ್ಸು ಹೊರಟ ಮೇಲೆ ಚಿಕ್ಕಸ್ವಾಮಿಯೇ ಬಿಡಿಸಿ ಹೇಳುತ್ತಾರೆ, ಶಾಲೆಗೆ ಹೋಗದ ಕೂಸಿಗೆ ಹೇಳುವ ಹಾಗೆ.

"ನೋಡವ್ವ, ಚೀಟಿ ತೋರ್ಸಿದ್ರೆ ಇವ್ರೂ ಅದ್ನೇ ಓದಿ ಅದ್ನೇ ಏಳ್ತಾರೆ. ಇಬ್ರೂ ಡಾಕ್ಟ್ರುಗಳೇ ತಾನೆ, ಒಬ್ರನ್ನೊಬ್ರು ಬುಟ್ಕೊಡ್ತಾರಾ? ತೋರಿಸ್ದಲೇ ಇದ್ದು, ಇವ್ರೇ ಕಂಡಿಡ್ದು ಏಳ್ಬೇಕು. ಆಗ ನಿಜ."

"ಡಾಕ್ಟ್ರು ಅಂದ್ರೆ ಕಣಿ ಏಳೋಳು ಅನ್ಕಂಡವ್ರೆ," ಎಂದು ಮುಂದಿನ ಸೀಟಿನಿಂದ ರಾಮಚಂದ್ರ ತಿರುಗುತ್ತಾರೆ. "ಕೈ ನೋಡ್ಬುಟ್ಟು ಮನೇಲಿ ಎಷ್ಟು ಎಮ್ಮೆ ಅವೆ ಅಂತ ಏಳ್ಬೇಕಾ, ಚಿಕ್ಕಸ್ವಾಮಣ್ಣ?"

"ನೀವು ಆಚಾರ್ರು ಚಿನ್ನ ಒರೆ ಅಚ್ಚೋವಾಗ ಅಂಗೇ ಅಲ್ವಾ?"

ರಾಮಚಂದ್ರ ಮುಂದಕ್ಕೆ ತಿರುಗಿ ಕೂರುತ್ತಾರೆ. ಪೆಟ್ಟು ಬಿದ್ದಿರುವುದು ಸರಿಯಾದ ಜಾಗಕ್ಕೇ.

ಅವರು ನಾಗಮಂಗಲದ ಅಕ್ಕಸಾಲಿಗರ ಮನೆಯವರು. ಒಡವೆ ಮಾರಲು ಬಂದವರು ಒಬ್ಬ ಆಚಾರಿ ಹೇಳಿದ ಗುಣವನ್ನು ಇನ್ನೊಬ್ಬನಿಗೆ ಹೇಳುವುದಿಲ್ಲ. ಇಬ್ಬರ ಮಾತೂ ಕೂಡಿದರೆ ಮಾತ್ರ ನಂಬುತ್ತಾರೆ. ಅದು ಜಾಣತನ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ರಾಮಚಂದ್ರರ ತಂದೆಯ ನಾಲಿಗೆಯ ಮೇಲೆ ಹುಣ್ಣಾಯಿತು. ಮೊದಲನೇ ಡಾಕ್ಟರು ಕ್ಯಾನ್ಸರ್ ಇದೆ, ಬೇಗ ಕರೆಂಟು ಕೊಡಿಸಿದರೆ ಗುಣವಾಗುತ್ತದೆ ಎಂದರು. ಯಂತ್ರದಿಂದ ಕೊಡುವ ಆ ಚಿಕಿತ್ಸೆಗೆ ಇಲ್ಲೆಲ್ಲ ಕರೆಂಟು ಎಂದೇ ಹೆಸರು. ಅಕ್ಕಸಾಲಿ ಒಪ್ಪಿದರೇ? ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯವರ ಹತ್ತಿರ ಹೋದರು. ಅಲ್ಲಿ ಮತ್ತೆ ಹುಣ್ಣಿನ ಚೂರು ತೆಗೆದು, ಹದಿನೈದು ದಿನ ಕಾಯಿಸಿ, ಅದೇ ಉತ್ತರ. ಇನ್ನೊಬ್ಬರ ಹತ್ತಿರ, ಮತ್ತೊಬ್ಬರ ಹತ್ತಿರ. ಹೀಗೆ ಎಂಟು ತಿಂಗಳು.

"ಐದ್ನೇ ಡಾಕ್ಟ್ರು ಕೇಳುದ್ರು, ಅಲ್ಲಯ್ಯ, ಮೊದ್ಲೇ ಯಾಕಯ್ಯ ಯಾರ್ಗೂ ತೋರಿಸ್ಲಿಲ್ಲ ಅಂತ. ಅಷ್ಟೊತ್ಗೆ ಅಪ್ಪಯ್ಯಂಗೆ ಮಾತು ನಿಂತೋಗಿತ್ತು. ಸೊಂಟದಿಂದ ನಾಕು ಚೀಟಿ ತೆಗ್ದು ಸಾಲಾಗಿ ಮೇಜಿನ ಮ್ಯಾಲೆ ಜೋಡಿಸ್ತು. ಡಾಕ್ಟ್ರು ತಲೆ ಮ್ಯಾಲೆ ಕೈ ಇಟ್ಕಂಡು ಕೂತ್ಬುಟ್ರು." ಕಿಟಕಿಯ ಆಚೆ ನೋಡುತ್ತಾ ಅವರು ಹೇಳುತ್ತಾರೆ. "ಚಿನ್ನಕ್ಕೆ ಅದು ಸರಿ ಕಣಮ್ಮ. ಒರೆ ಅಚ್ಚೋಗಂಟ ಚಿನ್ನ ಬೆಳ್ಯಾಕಿಲ್ಲ."

ನಮ್ಮಜ್ಜಿಯ ಕತೆಗಳಲ್ಲಿ ರಾಜನಿಗೆ ಕಾಯಿಲೆ ಬಂದರೆ ಡಂಗುರ ಸಾರುತ್ತಿದ್ದರು. ಏಳು ದೇಶದಿಂದ ಏಳು ವೈದ್ಯರು ಬರುತ್ತಿದ್ದರು, ಏಳನೆಯವನ ಮಾತೇ ನಿಜವಾಗುತ್ತಿತ್ತು. ಅಷ್ಟೂ ದಿನ ರಾಜನ ಕಾಯಿಲೆ ಮಂಚದ ಕೆಳಗೆ ತೆಪ್ಪಗೆ ಕೂತಿರುತ್ತಿತ್ತು. ಈ ಬಸ್ಸಿನಲ್ಲಿ ಕೂತವರೆಲ್ಲ ಅಂಥದೇ ಕತೆ ಕೇಳಿ ಬೆಳೆದವರೇ ಇರಬೇಕು. ದ್ಯಾವಮ್ಮನ ಎದೆಯ ಗಡ್ಡೆಗೆ ಕತೆ ಗೊತ್ತಿಲ್ಲ. ಮೊದಲನೇ ಡಾಕ್ಟರು ಎದೆ ತೆಗೆಯಬೇಕು ಎಂದು ಬರೆದುಕೊಟ್ಟು ಎರಡೂವರೆ ತಿಂಗಳಾಯಿತು. ನಿಂಬೆಕಾಯಿಯಷ್ಟಿದ್ದದ್ದು ಈಗ ಅದರ ಎರಡಷ್ಟಾಗಿದೆ.

ಮೈಸೂರಿನ ಎರಡನೇ ಡಾಕ್ಟರು ಚೀಟಿ ಓದುತ್ತಾರೆ, ಗಾಜಿನ ಪಟ್ಟಿಯನ್ನು ಒಳಗೆ ಕಳಿಸಿ ನೋಡಿಸುತ್ತಾರೆ, ಮತ್ತೆ ಸೂಜಿ ಚುಚ್ಚುವ ಗೋಜಿಗೆ ಹೋಗುವುದಿಲ್ಲ. ಮಧ್ಯಾಹ್ನಕ್ಕೆ ಮಾತು ಹೊರಬೀಳುತ್ತದೆ. "ಕಾಯಿಲೆ ಅದೇ. ಅವರು ಹೇಳಿದ್ದು ತಪ್ಪಲ್ಲ. ಆದರೆ ಈಗ ಗಡ್ಡೆ ದೊಡ್ಡದಾಗಿದೆ. ಈಗಲೇ ಆಪರೇಷನ್ ಬೇಡ. ಮೊದಲು ಮೂರು ಸಲ ಡ್ರಿಪ್ಪಿನಲ್ಲಿ ಔಷಧಿ ಕೊಡೋಣ. ಕುಗ್ಗಿದ ಮೇಲೆ ಆಪರೇಷನ್. ಮುಂದಿನ ಗುರುವಾರ ಬಂದು ಶುರು ಮಾಡಿಸಿಕೊಳ್ಳಿ, ತಡ ಮಾಡಬೇಡಿ." ಇಷ್ಟೇ. ಹೊರಗೆ ಇನ್ನೂ ಐವತ್ತು ಜನ ಕಾದಿದ್ದಾರೆ. ಒಬ್ಬೊಬ್ಬರಿಗೆ ಎರಡು ಸಲ ಬಿಡಿಸಿ ಹೇಳಲು ಯಾವ ಡಾಕ್ಟರಿಗೆ ಪುರುಸೊತ್ತು?

ವಾಪಸು ಬರುವ ಬಸ್ಸಿನಲ್ಲಿ ಚಿಕ್ಕಸ್ವಾಮಿಯ ಮುಖ ಅರಳಿದೆ. "ನೋಡ್ದೇನ್ಲಾ ತಿಮ್ಮ, ಆಪರೇಷನ್ ಬ್ಯಾಡ ಅಂದ್ಬುಟ್ರು!"

ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ 'ಈಗಲೇ' ಎಂಬ ಪದ ಕಾವೇರಿಗೆ ಬಿದ್ದುಹೋಗಿದೆ.

"ಈಗ್ಲೇ ಬ್ಯಾಡ ಅಂದ್ರು ಕಣಣ್ಣ. ಈಗ್ಲೇ!" ರಾಮಚಂದ್ರ ಎದ್ದು ನಿಂತು ಕೂಗುತ್ತಾರೆ. ಕಂಡಕ್ಟರು ತಿರುಗಿ ನೋಡುತ್ತಾನೆ. "ಬ್ಯಾಡ ಅಂತ ಯಾವಾಗಂದ್ರು?"

"ಅಂಗಾದ್ರೆ ಒಬ್ರು ಒಂದೇಳ್ತಾರೆ, ಇನ್ನೊಬ್ರು ಇನ್ನೊಂದೇಳ್ತಾರೆ. ಯಾರ್ನ ನಂಬದು? ಮೊದಲ್ನೇವ್ರು ಮಖ ಎತ್ತಿ ನೋಡ್ಲಿಲ್ಲ. ಇವ್ರು ಊಟ ಆಯ್ತಾ ಅಂತ ಕೇಳುದ್ರು. ಕೈಗುಣ ಇವ್ರದ್ದೇ ಚೆನ್ನಾಗದೆ."

"ಮೊದಲ್ನೇವ್ರು ಆಪರೇಷನ್ ಮಾಡ್ದೋರೆಲ್ಲ ಓಡಾಡ್ಕಂಡವ್ರಂತೆ ಕಣಪ್ಪ," ಎಂದು ತಿಮ್ಮರಾಜು.

"ನೀ ಸುಮ್ಕಿರ್ಲಾ. ಸೋಮ್ವಾರ ದೇವ್ರತ್ರ ಊ ಕೇಳ್ಬುಡಾನ. ಬಲಕ್ಕೆ ಬಿದ್ರೆ ಇವ್ರು, ಎಡಕ್ಕೆ ಬಿದ್ರೆ ಅವ್ರು. ಆಮ್ಯಾಕೆ ಓದ್ರಾಯ್ತು."

ದೇವರ ಮೇಲಿನ ಹೂವು ಯಾವ ಕಡೆಗೆ ಬೀಳುತ್ತದೋ ಅದರಂತೆ ನಡೆಯುವುದು ಇಲ್ಲಿ ಎಲ್ಲರ ಮನೆಯ ಪದ್ಧತಿ. ರಾಮಚಂದ್ರ ಅದಕ್ಕೆ ಅಡ್ಡ ಬರುವವರಲ್ಲ. "ಕೇಳಿ, ಯಾರು ಬ್ಯಾಡ ಅಂದ್ರು? ಆದ್ರೆ ಊ ಬೀಳ್ನಿಲ್ಲ ಅಂದ್ರೆ ಮುಂದಿನ ಸೋಮ್ವಾರ, ಅದ್ರ ಮುಂದಿನ ಸೋಮ್ವಾರ ಅಂತೀರಲ್ಲ, ಅದು ಬ್ಯಾಡ." ಹಣೆ ಚಚ್ಚಿಕೊಂಡು ನನ್ನ ಕಡೆ ತಿರುಗುತ್ತಾರೆ. "ಕೈಗುಣ, ಊವು, ಊಟ ಆಯ್ತಾ ಅಂದ್ರಾ ಇಲ್ವಾ, ಎಲ್ಲಾ ಲೆಕ್ಕಕ್ಕೆ ತಗತಾರೆ. ಡಾಕ್ಟ್ರು ಬಾಯಲ್ಲಿ ಏನೇಳುದ್ರು, ಅದೊಂದು ಬುಟ್ಟು!"

ಹೋಗುವಾಗಿಂದ ಇಲ್ಲಿಯವರೆಗೆ ದ್ಯಾವಮ್ಮನ ಬಾಯಿಂದ ಒಂದು ಮಾತು ಹೊರಟಿಲ್ಲ. ಯಾರೂ ಕೇಳಿಯೂ ಇಲ್ಲ, ನಾನೂ ಕೇಳಿಲ್ಲ. ಪಾಂಡವಪುರದಲ್ಲಿ ಇಳಿದು, ಗಂಡಸರು ಬೀಡಿ ಹಚ್ಚಲು ಅತ್ತ ಹೋದಾಗ ರಾಮಚಂದ್ರ ಪಕ್ಕದಲ್ಲಿ ಕೂತು ಕೇಳುತ್ತಾರೆ. "ನಿಂಗೇನನ್ನುಸ್ತು ತಾಯಿ?"

"ಏನನ್ನುಸ್ತದೆ? ಇಬ್ರೂ ತೆಗೀಬೇಕು ಅಂದ್ರು. ಒಬ್ರು ಇವತ್ತೇ ಅಂದ್ರು, ಒಬ್ರು ವಸಿ ತಡ್ದು ಅಂದ್ರು. ನಂಗೇನು ಕಿವಿ ಕೇಳಾಕಿಲ್ವಾ?"

"ಮತ್ತೆ ಬಾಯ್ಬುಟ್ಟು ಏಳ್ಬಾರ್ದಾ ಅವ್ರಿಗೆ?"

"ಎದೆ ತೆಗೆಯೋ ಮಾತ್ನ ಬೆಳ್ದ ಮಗನ ಮುಂದೆ ಎಂಗಪ್ಪ ಆಡದು?" ಎಂದು ಸೆರಗು ಎಳೆದುಕೊಂಡು ದ್ಯಾವಮ್ಮ ಎದ್ದು ನಡೆಯುತ್ತಾರೆ.

ಮುಂದಿನ ಗುರುವಾರ ಐದು ಗಂಟೆಗೇ ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೇನೆ. ರಾಮಚಂದ್ರ ಆಗಲೇ ಬಂದಿದ್ದಾರೆ. ಕೆ.ಆರ್.ಪೇಟೆಯ ಸಿದ್ದಲಿಂಗಮ್ಮ ಎಂಬ ಹೊಸ ರೋಗಿಯೂ ಬಂದಿದ್ದಾರೆ. ದ್ಯಾವಮ್ಮ ಇಲ್ಲ. ಐದೂವರೆಯ ಬಸ್ಸನ್ನು ರಾಮಚಂದ್ರ ಬಿಡುತ್ತಾರೆ. ಆರೂಕಾಲಿನದನ್ನೂ ಬಿಡುತ್ತಾರೆ. ಕ್ಯಾತನಹಳ್ಳಿ ಕಡೆಯ ಬಸ್ಸಿನಿಂದ ಇಳಿದ ಒಬ್ಬರು, ದೇವಸ್ಥಾನದ ಪೂಜಾರಿ ಊರಲ್ಲಿಲ್ಲ, ಚಿಕ್ಕಸ್ವಾಮಿ ಅವರ ದಾರಿ ಕಾಯುತ್ತಿದ್ದಾರೆ ಎಂದು ಸುದ್ದಿ ಹೇಳುತ್ತಾರೆ.

"ಮುಗೀತು," ಎನ್ನುತ್ತಾರೆ ರಾಮಚಂದ್ರ. ಏಳು ಗಂಟೆಯ ಬಸ್ಸಿಗೆ ಹತ್ತುತ್ತೇವೆ. ಮೈಸೂರು ಮುಟ್ಟುವವರೆಗೆ ಅವರ ಬಾಯಿ ನಿಲ್ಲುವುದಿಲ್ಲ. "ಇನ್ಮ್ಯಾಕೆ ನಾನು ಬರಾಕಿಲ್ಲ. ಗುರ್ವಾರ ಮನೇಲಿ ಮಲೀಕತೀನಿ. ನನ್ನೆಂಡ್ತಿ ಒಂಬತ್ತೊರ್ಸದಿಂದ ಬಯ್ತಾವ್ಳೆ, ಅವ್ಳೇ ಸರಿ. ಎಲ್ಲಾರೂ ಊ ಕೇಳ್ಕಂಡು ಕೂತ್ಕಳ್ಳಿ."

ಆಸ್ಪತ್ರೆಯಲ್ಲಿ ಸಿದ್ದಲಿಂಗಮ್ಮನಿಗೆ ಸಾಲು ಹಿಡಿಸಿ, ಡ್ರಿಪ್ಪಿನ ವಾರ್ಡಿನ ಬಾಗಿಲು ದಾಟುವಾಗ ಅವರ ಕಾಲು ನಿಲ್ಲುತ್ತದೆ. ಕಿಟಕಿಯ ಪಕ್ಕದ ಮಂಚದಲ್ಲಿ ದ್ಯಾವಮ್ಮ. ಕೈಗೆ ಸೂಜಿ ಚುಚ್ಚಿದೆ, ಬಾಟಲಿಯಿಂದ ಔಷಧಿ ತೊಟ್ಟಿಕ್ಕುತ್ತಿದೆ. ಕಾಲ ಬಳಿ ತಿಮ್ಮರಾಜು ಮುದುಡಿ ಕೂತಿದ್ದಾನೆ. ನಸುಕಿಗೇ ಮಗನನ್ನು ಎಬ್ಬಿಸಿ, ಪಾಂಡವಪುರಕ್ಕೆ ಬರದೆ ನೇರ ಮೈಸೂರಿನ ರಸ್ತೆಗೆ ನಡೆದು, ಸಿಕ್ಕಿದ ಮೊದಲ ಬಸ್ಸು ಹತ್ತಿ ಬಂದಿದ್ದಾರೆ.

"ನಿಮ್ಮ ಯಜಮಾನ್ರು?" ರಾಮಚಂದ್ರ ಕೇಳುತ್ತಾರೆ.

"ಅವ್ರು ಊ ಬೀಳುಸ್ಕಂಡು ಬರ್ಲಿ ಬುಡು. ನಾನು ಮುಂದ್ಕೆ ಬಂದೆ."

"ನಮ್ಮವ್ವ ದಾರೀಲಿ ಎಲ್ಲಾ ಬುಡಿಸಿ ಏಳ್ತು," ಎನ್ನುತ್ತಾನೆ ತಿಮ್ಮರಾಜು, ನೆಲ ನೋಡುತ್ತಾ. "ನಂಗೇ ಸರ್ಯಾಗಿ ಕೇಳಿರ್ಲಿಲ್ಲ."

"ನಂಗಾದ್ರೂ ಒಂದು ಮಾತು ಏಳಿ ಬರ್ಬಾರ್ದಾ? ಎರಡು ಬಸ್ಸು ಬುಟ್ಟೆ ಕಣವ್ವ ನಿಂಗೋಸ್ಕರ!"

"ನಾನೇನು ಕಾಯಿ ಅಂದಿದ್ನಾ?" ದ್ಯಾವಮ್ಮ ಆ ಕಡೆ ಮಗ್ಗುಲಾಗುತ್ತಾರೆ. "ಡಾಕ್ಟ್ರು ಬ್ಯಾಗ ಬಾ ಅಂದಿದ್ರು. ಬ್ಯಾಗ ಬಂದೆ."

ರಾಮಚಂದ್ರ ಹೊರಗೆ ಬಂದು ವರಾಂಡದ ಕಂಬಕ್ಕೆ ಒರಗುತ್ತಾರೆ. ಕನ್ನಡಕ ತೆಗೆದು ಷರಟಿನ ಅಂಚಿನಲ್ಲಿ ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆದು ಒರೆಸುತ್ತಾರೆ.

"ನನ್ನನ್ನ ಕೇಳ್ದಲೆ ಬಂದ್ಬುಟ್ಳು ನೋಡಮ್ಮ, ಎಷ್ಟು ಸೊಕ್ಕು! ಮೈಯೆಲ್ಲ ಉರಿದೋಯ್ತು." ಕನ್ನಡಕ ಹಾಕಿಕೊಂಡು ಹೇಳುತ್ತಾರೆ. "ವಾರ ವಾರ ಯಾರಾದ್ರೂ ಒಬ್ರು ಇಂಗೆ ಮೈ ಉರುಸ್ಲಿ. ಅಷ್ಟಾದ್ರೆ ಸಾಕು ನಂಗೆ."